‘ಮೊದಲು ದೇಶ, ಆಮೇಲೆ ನೀವು’: ಡಬ್ಲಿನ್ನಿನ ಹೆಣ್ಣುಮಕ್ಕಳಿಗೆ ಸಿಕ್ಕ ಉತ್ತರ

ಜೇಮ್ಸ್ ಕಸಿನ್ಸ್ ಎನ್ನುವ ಹೆಸರು ಇಲ್ಲಿ ಕೂತಿರುವ ತುಂಬಾ ಜನಕ್ಕೆ ಗೊತ್ತಿರುತ್ತದೆ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಶ್ ಕವಿ. ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಪುಟ್ಟಪ್ಪ ಎನ್ನುವ ಹುಡುಗ ತನ್ನ ಪದ್ಯಗಳನ್ನು ಹಿಡಿದುಕೊಂಡು ಅವರನ್ನು ಕಾಣಲು ಹೋದ. ನಿನ್ನ ಭಾಷೆಯಲ್ಲೇ ಬರಿ ಅಂತ ಅವರು ಹೇಳಿ ಕಳಿಸಿದರು. ಆ ಹುಡುಗ ಮುಂದೆ ಕುವೆಂಪು ಆದರು. ಈ ಕಥೆಯನ್ನು ನಾನು ನಾಲ್ಕನೇ ಪೀರಿಯಡ್ಡಿನಲ್ಲಿ, ಮಕ್ಕಳು ಹಸಿದು ಕೂತಿರುವ ಹೊತ್ತಿನಲ್ಲಿ, ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಆ ಕಸಿನ್ಸ್ ಅವರ ಹೆಂಡತಿ ಯಾರು ಅಂತ ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಅವರ ಹೆಸರು ಮಾರ್ಗರೆಟ್. ಕುವೆಂಪು ಅವರನ್ನು ಜೇಮ್ಸ್ ಭೇಟಿಯಾಗುವುದಕ್ಕೆ 11 ವರ್ಷ ಮುಂಚೆ, 1913ರ ಜನವರಿಯಲ್ಲಿ, ಇದೇ ಮಾರ್ಗರೆಟ್ ಡಬ್ಲಿನ್ ಕ್ಯಾಸಲ್ಲಿನ ಕಿಟಕಿ ಗಾಜು ಒಡೆದು ಜೈಲಿಗೆ ಹೋದರು. ಟುಲ್ಲಮೋರ್ ಜೈಲಿನಲ್ಲಿ ಊಟ ಬಿಟ್ಟು ಉಪವಾಸ ಕೂತರು. ಡಬ್ಲಿನ್ ಕ್ಯಾಸಲ್ ಅಂದರೆ ಸುಮ್ನೆ ಒಂದು ಹಳೇ ಕೋಟೆ ಅಲ್ಲ. ಬ್ರಿಟಿಷರು ಐರ್ಲೆಂಡನ್ನು ಆಳುತ್ತಿದ್ದದ್ದೇ ಅಲ್ಲಿಂದ.

ನನಗೆ ಇದೆಲ್ಲ ಗೊತ್ತಾಗಿದ್ದು ಮಗಳ ಬಾಣಂತನಕ್ಕೆ ಅಂತ ಡಬ್ಲಿನ್ನಿಗೆ ಹೋದಾಗ. ಮಗು ಮಲಗಿದ ಮಧ್ಯಾಹ್ನಗಳಲ್ಲಿ ಅಳಿಯ ಮನೆಯಲ್ಲಿದ್ದರೆ ನಾನು ಒಂದು ಸ್ವೆಟರು, ಅದರ ಮೇಲೊಂದು ಕೋಟು ಹಾಕಿಕೊಂಡು ಊರು ಸುತ್ತುತ್ತಿದ್ದೆ. ಕ್ಯಾಸಲ್ಲಿನ ಗೋಡೆಯ ಮೇಲೆ ಒಂದು ಫಲಕ ಕಂಡಿತು. ಇಂಥ ಹೆಣ್ಣುಮಗಳು ಇಲ್ಲಿ ಕಿಟಕಿ ಒಡೆದಳು ಅಂತ ಬರೆದಿದ್ದ ಫಲಕ. ಕಿಟಕಿ ಕೂರಿಸಿದವರಿಗಲ್ಲ, ಒಡೆದವರಿಗೆ! ಅದು ಮಾರ್ಗರೆಟ್ ಅವರದ್ದಲ್ಲ, ಅವರ ಗೆಳತಿ ಹನ್ನಾ ಶೀಹಿ ಸ್ಕೆಫಿಂಗ್ಟನ್ ಅವರದ್ದು. ಇವತ್ತು ನಾನು ಜಾಸ್ತಿ ಮಾತಾಡುವುದು ಈ ಹನ್ನಾ ಬಗ್ಗೆಯೇ.

ಅದಕ್ಕೆ ಮುಂಚೆ ಸ್ವಲ್ಪ ಹಿನ್ನೆಲೆ ಬೇಕು. 1801ರಿಂದ ಐರ್ಲೆಂಡಿಗೆ ತನ್ನದೇ ಪಾರ್ಲಿಮೆಂಟ್ ಇರಲಿಲ್ಲ. ಅಲ್ಲಿಂದ ಗೆದ್ದವರು ಲಂಡನ್ನಿಗೆ ಹೋಗಿ ಕೂರಬೇಕಿತ್ತು. ನಮ್ಮ ಮನೆಯ ವಿಚಾರ ನಾವೇ ನೋಡಿಕೊಳ್ಳುತ್ತೇವೆ ಅನ್ನುವ ಬೇಡಿಕೆಗೆ ಹೋಂ ರೂಲ್ ಅಂತ ಹೆಸರು. ಈ ಪದ ನಮಗೂ ಹೊಸದಲ್ಲ. 1916ರಲ್ಲಿ ತಿಲಕರು, ಆನಿ ಬೆಸೆಂಟ್ ಇಲ್ಲಿ ಹೋಂ ರೂಲ್ ಲೀಗ್ ಕಟ್ಟಿದಾಗ ಹೆಸರು ತಂದದ್ದು ಅಲ್ಲಿಂದಲೇ.

ಆ ಹೋರಾಟದಲ್ಲಿ ಹೆಣ್ಣುಮಕ್ಕಳು ಮೊದಲಿನಿಂದ ಇದ್ದರು. ಅವರನ್ನು ಹೇಗೆ ನಡೆಸಿಕೊಂಡರು ಅನ್ನುವುದಕ್ಕೆ ಒಂದು ಹಳೇ ಘಟನೆ ಹೇಳುತ್ತೇನೆ. 1881ರಲ್ಲಿ ಗೇಣಿದಾರರ ಚಳವಳಿ ಜೋರಾಗಿತ್ತು. ಅದರ ನಾಯಕ ಚಾರ್ಲ್ಸ್ ಪಾರ್ನೆಲ್ ಮತ್ತು ಜೊತೆಗಾರರನ್ನು ಸರ್ಕಾರ ಜೈಲಿಗೆ ಹಾಕಿತು. ಆಗ ಚಳವಳಿಯನ್ನು ಬೀಳದ ಹಾಗೆ ಹಿಡಿದವರು ಅವರ ತಂಗಿ ಅನ್ನಾ ಪಾರ್ನೆಲ್ ಮತ್ತು ಅವರ ಮಹಿಳಾ ಲ್ಯಾಂಡ್ ಲೀಗ್. ಜಮೀನುದಾರರು ಮನೆಯಿಂದ ಹೊರಗೆ ಹಾಕಿದ ಕುಟುಂಬಗಳಿಗೆ ಮರದ ಗುಡಿಸಲು ಕಟ್ಟಿಸಿದರು, ಚಂದಾ ಎತ್ತಿದರು, ಜೈಲಿಗೂ ಹೋದರು. 1882ರಲ್ಲಿ ಅಣ್ಣ ಬಿಡುಗಡೆಯಾಗಿ ಬಂದವರು ಸರ್ಕಾರದ ಜೊತೆ ರಾಜಿ ಮಾಡಿಕೊಂಡಿದ್ದರು. ತಂಗಿಯ ಸಂಘಕ್ಕೆ ದುಡ್ಡು ನಿಲ್ಲಿಸಿ ಅದನ್ನು ಮುಚ್ಚಿಸಿದರು. ಅನ್ನಾ ಮತ್ತೆ ಯಾವತ್ತೂ ಆ ಅಣ್ಣನನ್ನು ಮಾತಾಡಿಸಲಿಲ್ಲ. ನನಗೆ ಈ ಸಿಟ್ಟು ಅರ್ಥವಾಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ಆರಿಸಲು ಬೇಕು, ಆರಿದ ಮೇಲೆ ಒಳಗೆ ಹೋಗು ಅಂದರೆ ಯಾರಿಗೆ ತಡೆಯುತ್ತದೆ?

ಮುಂದಿನ ತಲೆಮಾರು ಇದನ್ನು ಮರೆಯಲಿಲ್ಲ. 1900ರಲ್ಲಿ ವಿಕ್ಟೋರಿಯಾ ರಾಣಿ ಡಬ್ಲಿನ್ನಿಗೆ ಬಂದಾಗ ಶಾಲಾ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿ ತಿಂಡಿ ಕೊಟ್ಟರು. ಐರಿಶ್ ಹೋರಾಟಗಾರ್ತಿ ಮಾಡ್ ಗಾನ್ ಮತ್ತು ಗೆಳತಿಯರು ಆ ಸಂತೋಷಕೂಟಕ್ಕೆ ಹೋಗದ ಮಕ್ಕಳಿಗೆ ಬೇರೆ ಹಬ್ಬ ಮಾಡಿದರು. ಸುಮಾರು 30,000 ಮಕ್ಕಳು ಬಂದರು ಅಂತ ಆಗಿನ ಲೆಕ್ಕ. ಅದೇ ಗುಂಪು ‘ಐರ್ಲೆಂಡಿನ ಹೆಣ್ಣುಮಕ್ಕಳು’ ಎನ್ನುವ ಸಂಘವಾಯಿತು. 1908ರಲ್ಲಿ ಹೆಲೆನಾ ಮೊಲೊನಿ ಸಂಪಾದಕತ್ವದಲ್ಲಿ ಪತ್ರಿಕೆ ತಂದರು. ಡಬ್ಲಿನ್ನಿನ ಬಡ ಮಕ್ಕಳು ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಬರುತ್ತಿದ್ದರು. ಇಂಗ್ಲೆಂಡಿನಲ್ಲಿ ಶಾಲೆ ಊಟಕ್ಕೆ ಕಾನೂನು ಇತ್ತು, ಐರ್ಲೆಂಡಿಗೆ ಅದು ಅನ್ವಯವಾಗುತ್ತಿರಲಿಲ್ಲ. ಇವರು ತಾವೇ ಅಡುಗೆ ಮಾಡಿ ಬಡಿಸಿದರು, ಜೊತೆಗೆ ಕಾನೂನಿಗೂ ಒತ್ತಾಯ ಮಾಡಿದರು. 1914ರಲ್ಲಿ ಕಾನೂನು ಬಂತು. ಬಿಸಿಯೂಟದ ಪಾತ್ರೆ ಶಾಲೆಗೆ ಬರುವುದನ್ನು ಮಕ್ಕಳು ಹೇಗೆ ಕಾಯುತ್ತಾರೆ ಅಂತ ಕಂಡ ನಮ್ಮಂಥ ಮೇಷ್ಟ್ರು ಮೇಡಮ್ಮುಗಳಿಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಈಗ ಹನ್ನಾ ಹತ್ತಿರ ಬರುತ್ತೇನೆ. ಹುಟ್ಟಿದ್ದು 1877ರಲ್ಲಿ, ಕಾರ್ಕ್ ಜಿಲ್ಲೆಯ ಕ್ಯಾಂಟರ್ಕ್‌ನಲ್ಲಿ. ಅಪ್ಪ ಡೇವಿಡ್ ಶೀಹಿ ಹೋಂ ರೂಲ್ ಪಕ್ಷದ ಸಂಸದ, ಹೋರಾಟದಲ್ಲಿ ಜೈಲು ಕಂಡವರು. ಅಪ್ಪನ ಒಡಹುಟ್ಟಿದ ಪಾದ್ರಿ ಯೂಜೀನ್ ಶೀಹಿ ಕೂಡ ಜೈಲಿಗೆ ಹೋದವರು. ಅವರನ್ನು ನೋಡಲು ಪುಟ್ಟ ಹನ್ನಾಳನ್ನು ಜೈಲಿಗೆ ಕರೆದುಕೊಂಡು ಹೋಗಿದ್ದರು. ಅಂದರೆ ಆ ಮನೆಯಲ್ಲಿ ಜೈಲು ನಾಚಿಕೆಯ ವಿಷಯ ಆಗಿರಲಿಲ್ಲ. ಹುಡುಗಿ ಚೆನ್ನಾಗಿ ಓದಿ ಎಂ.ಎ. ಮಾಡಿದರು. 1903ರಲ್ಲಿ ಫ್ರಾನ್ಸಿಸ್ ಸ್ಕೆಫಿಂಗ್ಟನ್ ಎನ್ನುವವರನ್ನು ಮದುವೆಯಾದರು. ಆ ಪುಣ್ಯಾತ್ಮನ ಬಗ್ಗೆ ಒಂದು ಮಾತು ಹೇಳಲೇಬೇಕು. ಮದುವೆಯಾದ ಮೇಲೆ ಹೆಂಡತಿಯೊಬ್ಬರೇ ಅಲ್ಲ, ಗಂಡನೂ ಹೆಸರು ಬದಲಿಸಿಕೊಂಡರು. ಇಬ್ಬರೂ ಶೀಹಿ ಸ್ಕೆಫಿಂಗ್ಟನ್ ಆದರು. ಫ್ರಾನ್ಸಿಸ್ ಯೂನಿವರ್ಸಿಟಿ ಕಾಲೇಜಿನಲ್ಲಿ ರಿಜಿಸ್ಟ್ರಾರ್ ಆಗಿದ್ದರು. ಹುಡುಗಿಯರನ್ನೂ ಹುಡುಗರಷ್ಟೇ ಹಕ್ಕಿನಿಂದ ಸೇರಿಸಿಕೊಳ್ಳಿ ಅಂತ ಬಹಿರಂಗವಾಗಿ ಕೇಳಿದರು. ಬಾಯಿ ಮುಚ್ಚಿಕೊಂಡಿರಬೇಕು ಅಂದಾಗ 1904ರಲ್ಲಿ ಕೆಲಸಕ್ಕೇ ರಾಜೀನಾಮೆ ಕೊಟ್ಟರು.

1908ರಲ್ಲಿ ಈ ದಂಪತಿ ಮತ್ತು ಕಸಿನ್ಸ್ ದಂಪತಿ ಸೇರಿ ಐರಿಶ್ ಮಹಿಳಾ ಮತಾಧಿಕಾರ ಲೀಗ್ ಕಟ್ಟಿದರು. ವೋಟು ಕೇಳುವ ಸಂಘ ಡಬ್ಲಿನ್ನಿನಲ್ಲಿ ಮೊದಲೇ ಇತ್ತು. ಅನ್ನಾ ಹ್ಯಾಸ್ಲಮ್ ಎನ್ನುವ ಅಜ್ಜಿ 1876ರಲ್ಲೇ ಅದನ್ನು ಶುರು ಮಾಡಿದ್ದರು. ಆದರೆ ಅವರದ್ದು ಅರ್ಜಿ ಬರೆಯುವ, ಮನವಿ ಕೊಡುವ ದಾರಿ. ಹೊಸ ಹುಡುಗಿಯರು ಬೀದಿಗೆ ಬಂದರು. ಗಾಡಿ ಹತ್ತಿ ಊರೂರಿಗೆ ಹೋಗಿ ಭಾಷಣ ಮಾಡಿದರು. ಕೊಳೆತ ಮೊಟ್ಟೆ ಬಿದ್ದರೂ ಮಾತು ನಿಲ್ಲಿಸಲಿಲ್ಲ.

1912 ಬಂತು. ಇದು ಮುಖ್ಯ, ಸ್ವಲ್ಪ ಗಮನ ಕೊಡಿ. ಆ ವರ್ಷದ ಮಾರ್ಚಿನಲ್ಲಿ ಲಂಡನ್ ಪಾರ್ಲಿಮೆಂಟಿನಲ್ಲಿ ಕೆಲವು ಹೆಂಗಸರಿಗಾದರೂ ವೋಟು ಕೊಡುವ ಮಸೂದೆ ಬಂತು. ಹಿಂದಿನ ವರ್ಷ ಇಂಥದ್ದೇ ಮಸೂದೆಯ ಪರ ಹಲವು ಐರಿಶ್ ಸಂಸದರು ಮತ ಹಾಕಿದ್ದರು. ಈ ಸಲ ತಿರುಗಿಬಿದ್ದರು. ಕಾರಣ ಏನು? ಮಹಿಳಾ ವೋಟಿನ ಗಲಾಟೆಯಲ್ಲಿ ಪ್ರಧಾನಿ ಆಸ್ಕ್ವಿತ್ ಸರ್ಕಾರ ಬಿದ್ದರೆ ಹೋಂ ರೂಲ್ ಕೈತಪ್ಪುತ್ತದೆ ಅನ್ನುವ ಭಯ. ಮಸೂದೆ ಬರೀ 14 ಮತಗಳಿಂದ ಸೋತಿತು. ಐರಿಶರು ಕೈ ಬಿಡದಿದ್ದರೆ ಗೆಲ್ಲುತ್ತಿತ್ತು. ಮುಂದಿನ ತಿಂಗಳು ಹೋಂ ರೂಲ್ ಮಸೂದೆ ಬಂದಾಗ ಅದರಲ್ಲೂ ಹೆಂಗಸರಿಗೆ ವೋಟಿಲ್ಲ. ಅಂದರೆ ಬರಲಿರುವ ಸ್ವತಂತ್ರ ಪಾರ್ಲಿಮೆಂಟಿನಲ್ಲೂ ಇವರಿಗೆ ಜಾಗವಿಲ್ಲ. ಜೂನ್ ಒಂದರಂದು ಬೇರೆ ಬೇರೆ ಸಂಘಗಳ ಹೆಣ್ಣುಮಕ್ಕಳು, ಒಬ್ಬರಿಗೊಬ್ಬರು ಆಗದವರೂ ಸೇರಿ, ಡಬ್ಲಿನ್ನಿನಲ್ಲಿ ದೊಡ್ಡ ಸಭೆ ಮಾಡಿದರು. ನಮ್ಮನ್ನೂ ಸೇರಿಸಿ ಅಂತ ನಿರ್ಣಯ ಮಾಡಿ ಮಂತ್ರಿಗಳಿಗೂ ಐರಿಶ್ ಸಂಸದರಿಗೂ ಕಳಿಸಿದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಜೂನ್ 13ರ ಬೆಳಗಿನ ಜಾವ ಹನ್ನಾ ಸೇರಿ ಎಂಟು ಹೆಂಗಸರು ಹೊರಟರು. ದೊಡ್ಡ ಅಂಚೆ ಕಚೇರಿ, ಕಸ್ಟಮ್ಸ್ ಕಟ್ಟಡ, ಡಬ್ಲಿನ್ ಕ್ಯಾಸಲ್ ಹೀಗೆ ಸರ್ಕಾರಿ ಕಟ್ಟಡಗಳ ಗಾಜು ಒಡೆದರು. ಯಾರಿಗೂ ಹೊಡೆಯಲಿಲ್ಲ, ಓಡಿಯೂ ಹೋಗಲಿಲ್ಲ. ಹಿಡಿದುಕೊಂಡು ಹೋಗಿ ಅಂತ ನಿಂತರು. ಎಲ್ಲರನ್ನೂ ಮೌಂಟ್‌ಜಾಯ್ ಜೈಲಿಗೆ ಹಾಕಿದರು. ಊರಲ್ಲಿ ಬೈಗುಳವೋ ಬೈಗುಳ. ಗಂಡಸರು ತಲೆತಲಾಂತರದಿಂದ ಕಲ್ಲು, ಕೋಲು, ಬಂದೂಕು ಎಲ್ಲ ಹಿಡಿದ ದೇಶ ಅದು. ಅವರನ್ನು ವೀರರು ಅಂತ ಹಾಡಿ ಹೊಗಳಿದ ದೇಶ. ಹೆಂಗಸು ತನ್ನ ಹಕ್ಕಿಗೆ ಒಂದು ಗಾಜು ಒಡೆದಾಗ ಮಾತ್ರ ಅದು ಕೆಟ್ಟ ನಡತೆ ಆಯಿತು. ಮುಂದಿನ ವರ್ಷ ಹನ್ನಾ ಅವರ ಪಾಠ ಹೇಳುವ ಕೆಲಸವೂ ಹೋಯಿತು.

ಇಲ್ಲಿ ಒಂದು ವಿಷಯ ನನಗೆ ತುಂಬಾ ದಿನ ತಲೆಯಲ್ಲಿ ಕೊರೆಯಿತು. ಐರ್ಲೆಂಡ್ ಅಂದರೆ ಜೈಲಿನ ಉಪವಾಸ ನೆನಪಾಗುತ್ತದೆ. 1920ರಲ್ಲಿ ಕಾರ್ಕ್ ಊರಿನ ಮೇಯರ್ ಟೆರೆನ್ಸ್ ಮ್ಯಾಕ್‌ಸ್ವೀನಿ ಉಪವಾಸದಲ್ಲೇ ಜೀವ ಬಿಟ್ಟದ್ದು ಇಲ್ಲಿಯ ಕ್ರಾಂತಿಕಾರಿಗಳಿಗೂ ಮಾದರಿಯಾಯಿತು. ಜತೀಂದ್ರನಾಥ ದಾಸ್ 1929ರಲ್ಲಿ ಲಾಹೋರ್ ಜೈಲಿನಲ್ಲಿ ತೀರಿಕೊಂಡಾಗ ಜನ ಮ್ಯಾಕ್‌ಸ್ವೀನಿ ಹೆಸರು ನೆನೆದರು. ಆದರೆ ಆ ಕಾಲದ ಐರಿಶ್ ಜೈಲುಗಳಲ್ಲಿ ಉಪವಾಸವನ್ನು ಅಸ್ತ್ರ ಮಾಡಿದ್ದು 1912ರಲ್ಲಿ, ವೋಟು ಕೇಳಿದ ಈ ಹೆಂಗಸರು. ಆಗಸ್ಟಿನಲ್ಲಿ ಮೌಂಟ್‌ಜಾಯ್‌ನಲ್ಲಿ ಇಬ್ಬರು ಇಂಗ್ಲಿಷ್ ಹೋರಾಟಗಾರ್ತಿಯರು ಉಪವಾಸ ಕೂತರು. ಅವರಿಗೆ ಬಲವಂತವಾಗಿ ಕೊಳವೆ ತುರುಕಿ ಆಹಾರ ಹಾಕಿದರು. ಅವರ ಜೊತೆ ಹನ್ನಾ ಮತ್ತು ಕೆಲವರು ತಾವೂ ಊಟ ಬಿಟ್ಟರು. ಅದೇ ದಾರಿಯನ್ನು ಗಂಡಸರು ಹಿಡಿದದ್ದು ಆಮೇಲೆ. ಪಾಠದ ಪುಸ್ತಕದಲ್ಲಿ ಉಳಿದದ್ದು ಮಾತ್ರ ಗಂಡಸರ ಹೆಸರು.

ಇದು ಒಂದೇ ಪಕ್ಷದ ತಪ್ಪು ಅಂದುಕೊಳ್ಳಬೇಡಿ. ಉತ್ತರದ ಬೆಲ್‌ಫಾಸ್ಟ್ ಕಡೆ ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಯೂನಿಯನಿಸ್ಟರಿದ್ದರು. 1913ರಲ್ಲಿ ಅವರು, ನಮ್ಮ ಸರ್ಕಾರ ಬಂದರೆ ಹೆಂಗಸರಿಗೆ ವೋಟು ಅಂತ ಮಾತು ಕೊಟ್ಟರು. ಮರುವರ್ಷ ಅವರ ನಾಯಕ ಕಾರ್ಸನ್ ಆ ಮಾತಿನಿಂದ ಹಿಂದೆ ಸರಿದರು. ಎರಡೂ ಕಡೆಯವರು ಬೇರೆ ಎಲ್ಲದಕ್ಕೂ ಜಗಳವಾಡಿದರು, ಇದೊಂದರಲ್ಲಿ ಒಂದೇ ಉತ್ತರ ಕೊಟ್ಟರು: ಆಮೇಲೆ ನೋಡೋಣ.

ಮಾರ್ಗರೆಟ್ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಕಸಿನ್ಸ್ ದಂಪತಿ 1913ರಲ್ಲಿ ಐರ್ಲೆಂಡ್ ಬಿಟ್ಟರು, 1915ರಲ್ಲಿ ಭಾರತಕ್ಕೆ ಬಂದರು. ಕೋಲಾರದ ಕಡೆಯಿಂದ ಗಡಿ ದಾಟಿದರೆ ಸಿಗುವ ಮದನಪಲ್ಲಿಯ ಕಾಲೇಜಿನಲ್ಲಿ ಕೆಲಸ. ಮಾರ್ಗರೆಟ್ ಸಂಗೀತದ ಪದವೀಧರೆ. 1919ರಲ್ಲಿ ರವೀಂದ್ರನಾಥ ಟಾಗೋರರು ಅಲ್ಲಿ ಬಂದು ಉಳಿದಿದ್ದಾಗ ‘ಜನ ಗಣ ಮನ’ದ ರಾಗವನ್ನು ಸ್ವರಲಿಪಿಯಲ್ಲಿ ಬರೆದಿಟ್ಟವರು ಇವರೇ. 1917ರಲ್ಲಿ ಮದ್ರಾಸಿನಲ್ಲಿ ಮಹಿಳಾ ಸಂಘ ಕಟ್ಟಲು ನಿಂತರು. ಅದೇ ವರ್ಷದ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಮುಂದಾಳತ್ವದ ನಿಯೋಗ ಬ್ರಿಟಿಷ್ ಸರ್ಕಾರದ ಭಾರತ ಸಚಿವ ಮಾಂಟೆಗ್ಯೂ ಅವರನ್ನು ಕಂಡು ಭಾರತದ ಹೆಂಗಸರಿಗೂ ವೋಟು ಬೇಕು ಅಂದಾಗ ಅದರ ಹಿಂದಿನ ಓಡಾಟವೂ ಇವರದ್ದೇ. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತರಲ್ಲ, ನಿಲ್ಲಮ್ಮ ಅಂತ ಹುರಿದುಂಬಿಸಿ ನಿಲ್ಲಿಸಿದವರೂ ಮಾರ್ಗರೆಟ್. ಕಮಲಾದೇವಿ ಸ್ವಲ್ಪದರಲ್ಲಿ ಸೋತರು. ಮೊದಲು ಸ್ವರಾಜ್ಯ ಬರಲಿ, ಆಮೇಲೆ ವೋಟು ಅನ್ನುವ ಮಾತನ್ನು ಮಾರ್ಗರೆಟ್ ಒಮ್ಮೆ ಕೇಳಿ ಸುಟ್ಟುಕೊಂಡಿದ್ದರು. ಇಲ್ಲಿ ಎರಡನ್ನೂ ಒಟ್ಟಿಗೇ ಕೇಳಿ ಅಂತ ಅವರು ಹಟ ಹಿಡಿದದ್ದು ಅದಕ್ಕೇ ಅಂತ ನನಗನ್ನಿಸುತ್ತದೆ.

ಡಬ್ಲಿನ್ನಿಗೆ ವಾಪಸ್ ಹೋಗೋಣ. 1914ರ ಏಪ್ರಿಲ್ 2ರಂದು ವಿನ್ಸ್ ಹೋಟೆಲಿನಲ್ಲಿ ‘ಕಮನ್ ನ ಮನ್’ ಹುಟ್ಟಿತು. ಮಹಿಳೆಯರ ಸಂಘ ಅಂತ ಅರ್ಥ. ಗಂಡಸರ ಸ್ವಯಂಸೇವಕ ಪಡೆಗೆ ಬೆಂಬಲವಾಗಿ ಹಣ ಕೂಡಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಕಲಿಯುವುದು ಇದರ ಕೆಲಸ. ಹನ್ನಾ ಇದನ್ನು ಖಾರವಾಗಿ ಟೀಕಿಸಿದರು. ತೀರ್ಮಾನದಲ್ಲಿ ಪಾಲಿಲ್ಲ, ಚಂದಾ ಎತ್ತುವುದಕ್ಕೆ ಮಾತ್ರ ಬೇಕೇ ಅಂತ. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಆ ಸಂಘಕ್ಕೆ ಸೇರಿದ ಹುಡುಗಿಯರನ್ನು ಹಗುರವಾಗಿ ನೋಡಲು ನನಗೆ ಮನಸ್ಸಿಲ್ಲ. ಎಷ್ಟೋ ಮನೆಗಳಲ್ಲಿ ಹೊಸಿಲು ದಾಟಲು ಸಿಕ್ಕ ಮೊದಲ ಬಾಗಿಲು ಅದು. ಬೀದಿಯಲ್ಲಿ ಗುಂಡು ಹಾರುವಾಗ ಸುದ್ದಿ ಹೊತ್ತು ಓಡಿದವರೂ ಅವರೇ.

ಕಾರ್ಮಿಕರ ಕಡೆ ಗಾಳಿ ಬೇರೆ ಇತ್ತು. ಜೇಕಬ್ಸ್ ಬಿಸ್ಕತ್ ಕಾರ್ಖಾನೆಯ ರೋಸಿ ಹ್ಯಾಕೆಟ್ 18ನೇ ವಯಸ್ಸಿನಲ್ಲಿ, 1911ರಲ್ಲಿ, ಮುಷ್ಕರಕ್ಕೆ ನಿಂತಳು. ಅದೇ ವರ್ಷ ಮಹಿಳಾ ಕಾರ್ಮಿಕರ ಸಂಘ ಬಂತು. ಕಾರ್ಮಿಕ ನಾಯಕ ಕಾನೊಲಿ ಮುನ್ನಡೆಸಿದ ಕಾರ್ಮಿಕರ ಪಡೆ ಸಿಟಿಜನ್ ಆರ್ಮಿಯಲ್ಲಿ ಹೆಂಗಸರೂ ಕವಾಯತು ಮಾಡಿದರು, ಬಂದೂಕು ಹಿಡಿದರು. ಲಿಫೀ ನದಿಯ ಮೇಲೆ 2014ರಲ್ಲಿ ತೆರೆದ ಸೇತುವೆಗೆ ಈಗ ರೋಸಿ ಹೆಸರಿದೆ. ಡಬ್ಲಿನ್ನಿನಲ್ಲಿ ಆ ನದಿಗೆ ಅಷ್ಟೊಂದು ಸೇತುವೆಗಳಿವೆ, ಹೆಣ್ಣಿನ ಹೆಸರಿರುವುದು ತೀರಾ ಅಪರೂಪ. ನಾನು ಆ ಸೇತುವೆ ಮೇಲೆ ಸುಮ್ನೆ ಎರಡು ಸಲ ಆ ಕಡೆ ಈ ಕಡೆ ನಡೆದೆ.

1916ರ ಈಸ್ಟರ್ ಸೋಮವಾರ, ಏಪ್ರಿಲ್ 24. ಬ್ರಿಟಿಷರ ವಿರುದ್ಧ ಎದ್ದ ಬಂಡಾಯಗಾರರು ಅಂಚೆ ಕಚೇರಿ ಹಿಡಿದು ಗಣರಾಜ್ಯದ ಘೋಷಣೆ ಓದಿದರು. ಅದರ ಮೊದಲ ಸಾಲೇ ಐರಿಶ್ ಗಂಡಸರೇ, ಐರಿಶ್ ಹೆಂಗಸರೇ ಅಂತ ಇಬ್ಬರನ್ನೂ ಕರೆಯುತ್ತದೆ. ಎಲ್ಲ ಗಂಡಸರ, ಎಲ್ಲ ಹೆಂಗಸರ ಮತದಿಂದ ಸರ್ಕಾರ ಅಂತ ಮಾತು ಕೊಡುತ್ತದೆ. 1916ರಲ್ಲಿ! ಇದು ಆಕಾಶದಿಂದ ಉದುರಿದ್ದಲ್ಲ. ಹಿಂದಿನ ಎಂಟು ವರ್ಷ ಬೀದಿಯಲ್ಲಿ ಬೈಸಿಕೊಂಡ ಹೆಂಗಸರು ಗಳಿಸಿದ್ದು.

ಇನ್ನೂರಕ್ಕೂ ಹೆಚ್ಚು ಹೆಂಗಸರು ಆ ವಾರ ಬಂಡಾಯದಲ್ಲಿದ್ದರು. ಬಂಡಾಯದ ಕಮಾಂಡರುಗಳಲ್ಲಿ ಡಿ ವೆಲೆರಾ ಒಬ್ಬರು ಮಾತ್ರ ತಮ್ಮ ಠಾಣೆಯೊಳಗೆ ಹೆಂಗಸರನ್ನು ಬಿಟ್ಟುಕೊಳ್ಳಲಿಲ್ಲ. ಈ ಹೆಸರು ನೆನಪಿಟ್ಟುಕೊಳ್ಳಿ. ಸಿಟಿ ಹಾಲ್‌ನಲ್ಲಿ ಕಮಾಂಡರ್ ಗುಂಡೇಟಿಗೆ ಸತ್ತ ಮೇಲೆ ಶರಣಾಗತಿ ಹೇಳಿದವರು ಡಾಕ್ಟರ್ ಕ್ಯಾಥ್ಲೀನ್ ಲಿನ್. ಹೆಂಗಸಿನಿಂದ ಶರಣಾಗತಿ ತೆಗೆದುಕೊಳ್ಳಬಹುದೋ ಇಲ್ಲವೋ ಅಂತ ಬ್ರಿಟಿಷ್ ಅಧಿಕಾರಿಗೇ ಗೊಂದಲವಾಯಿತು. ಸ್ಕಾಟ್ಲೆಂಡಿನಿಂದ ಬಂದಿದ್ದ ಟೀಚರ್ ಮಾರ್ಗರೆಟ್ ಸ್ಕಿನ್ನಿಡರ್ ಬಂದೂಕು ಹಿಡಿದು ಹೋರಾಡಿದರು. ಅಪಾಯದ ಕೆಲಸಕ್ಕೆ ಕಳಿಸಲು ಕಮಾಂಡರ್ ಹಿಂದೆ ಮುಂದೆ ನೋಡಿದಾಗ, ಘೋಷಣೆಯಲ್ಲಿ ನಮ್ಮನ್ನು ಸಮಾನರು ಅಂದಿದ್ದೀರಿ, ಹಾಗಾದರೆ ಜೀವ ಪಣಕ್ಕಿಡುವ ಹಕ್ಕೂ ಸಮಾನ ಅಂತ ವಾದ ಮಾಡಿದರು. ಹೋದರು. ಮೂರು ಗುಂಡು ಬಿತ್ತು. ಬದುಕಿಕೊಂಡರು.

ಕೊನೆಯ ದಿನ ಏಪ್ರಿಲ್ 29, ಶನಿವಾರ. ಮೂರ್ ಸ್ಟ್ರೀಟಿನ ಮನೆಯೊಂದರಲ್ಲಿ ಅಡಗಿದ್ದ ನಾಯಕರು ಶರಣಾಗಲು ತೀರ್ಮಾನಿಸಿದರು. ಆದರೆ ಸುದ್ದಿ ಮುಟ್ಟಿಸುವವರು ಯಾರು? ಬೀದಿಯಲ್ಲಿ ಕಂಡವರ ಮೇಲೆಲ್ಲ ಗುಂಡು ಬೀಳುತ್ತಿತ್ತು. ನರ್ಸ್ ಎಲಿಜಬೆತ್ ಒಫ್ಯಾರೆಲ್ ಬಿಳಿ ಬಟ್ಟೆ ಹಿಡಿದು ಒಬ್ಬರೇ ಬೀದಿಗಿಳಿದರು. ಸೈನ್ಯದ ಅಡ್ಡಗಟ್ಟೆವರೆಗೆ ನಡೆದರು, ಉತ್ತರ ತಂದರು, ಮತ್ತೆ ಹೋದರು. ಬಂಡಾಯದ ನಾಯಕ ಪಿಯರ್ಸ್ ಬ್ರಿಟಿಷ್ ಸೈನ್ಯದ ಜನರಲ್ ಲೋ ಮುಂದೆ ಶರಣಾಗುವಾಗ ಪಕ್ಕದಲ್ಲಿ ನಿಂತಿದ್ದವರೂ ಅವರೇ. ಆ ಕ್ಷಣದ ಫೋಟೋ ಇದೆ. ಪಿಯರ್ಸ್ ಮರೆಯಲ್ಲಿ ನಿಂತಿದ್ದರಿಂದ ಎಲಿಜಬೆತ್ ಅವರ ಪಾದ ಮತ್ತು ಕೋಟಿನ ಅಂಚು ಮಾತ್ರ ಕಾಣುತ್ತದೆ. ಮುಂದೆ ಅಚ್ಚಾದ ಕೆಲವು ಪ್ರತಿಗಳಲ್ಲಿ ಆ ಪಾದಗಳನ್ನೂ ಅಳಿಸಿಬಿಟ್ಟರು.

ಎಲಿಜಬೆತ್ ಆಮೇಲೆ ಹೋಲಿಸ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ಹೆರಿಗೆ ನರ್ಸ್ ಆಗಿದ್ದರು. ನನ್ನ ಮೊಮ್ಮಗಳು ಹುಟ್ಟಿದ್ದು ಅದೇ ಆಸ್ಪತ್ರೆಯಲ್ಲಿ. ಇದು ಗೊತ್ತಾದ ದಿನ ನಾನು ಮೂರ್ ಸ್ಟ್ರೀಟಿಗೆ ಹೋದೆ. ಅಲ್ಲಿ ಈಗಲೂ ಹೆಂಗಸರು ಹಣ್ಣು ತರಕಾರಿ ಮಾರುತ್ತಾರೆ. ಆ ಬೀದಿ ಉದ್ದವೇನಿಲ್ಲ. ಗುಂಡು ಹಾರುವಾಗ ನಡೆದವರಿಗೆ ಎಷ್ಟು ಉದ್ದ ಅನ್ನಿಸಿತೋ.

ಅದೇ ವಾರ ಹನ್ನಾ ಅವರ ಬದುಕು ಮುರಿದುಬಿತ್ತು. ಫ್ರಾನ್ಸಿಸ್ ಶಾಂತಿವಾದಿ, ಬಂದೂಕು ಮುಟ್ಟದವರು. ಬೀದಿಯಲ್ಲಿ ಅಂಗಡಿ ಲೂಟಿ ತಡೆಯಲು ಜನ ಸೇರಿಸಲು ಹೋಗಿದ್ದರು. ಸೈನಿಕರು ಹಿಡಿದರು. ಏಪ್ರಿಲ್ 26ರಂದು ಪೋರ್ಟೊಬೆಲ್ಲೊ ಬ್ಯಾರಕ್ಸಿನಲ್ಲಿ ಬೋವೆನ್ ಕೋಲ್ಟ್‌ಹರ್ಸ್ಟ್ ಎನ್ನುವ ಕ್ಯಾಪ್ಟನ್ ವಿಚಾರಣೆಯೇ ಇಲ್ಲದೆ ಗುಂಡು ಹಾಕಿಸಿದ. ಅವನಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅಂತ ತೀರ್ಪಾಯಿತು. ಸರ್ಕಾರ 10,000 ಪೌಂಡ್ ಪರಿಹಾರ ಕೊಡಲು ಬಂತು. ಹನ್ನಾ ಮುಟ್ಟಲಿಲ್ಲ. ಪುಟ್ಟ ಮಗ ಓವೆನ್‌ನನ್ನು ಕರೆದುಕೊಂಡು ಅಮೆರಿಕಕ್ಕೆ ಹೋಗಿ 250ಕ್ಕೂ ಹೆಚ್ಚು ಸಭೆಗಳಲ್ಲಿ ಮಾತಾಡಿದರು. 1918ರ ಜನವರಿಯಲ್ಲಿ ಅಧ್ಯಕ್ಷ ವಿಲ್ಸನ್ನರನ್ನೇ ಕಂಡು ಬಂದರು.

1918ರ ಡಿಸೆಂಬರಿನಲ್ಲಿ 30 ದಾಟಿದ, ಒಂದಿಷ್ಟು ಆಸ್ತಿಯ ಅರ್ಹತೆ ಇರುವ ಹೆಂಗಸರಿಗೆ ಮೊದಲ ವೋಟು. 89 ವರ್ಷದ ಅನ್ನಾ ಹ್ಯಾಸ್ಲಮ್ ಮತ ಹಾಕಲು ಹೊರಟರು. ಅವರು ಬ್ರಿಟನ್ ಪರ ಇದ್ದವರು. ಆದರೂ ಎಲ್ಲ ಪಕ್ಷದ ಹೆಣ್ಣುಮಕ್ಕಳು ಜೊತೆಗೆ ನಡೆದು ಜೈಕಾರ ಹಾಕಿದರು. ಅದೇ ಚುನಾವಣೆಯಲ್ಲಿ ಕಾನ್‌ಸ್ಟನ್ಸ್ ಮಾರ್ಕಿವಿಚ್ ಜೈಲಿನಲ್ಲಿದ್ದುಕೊಂಡೇ ಗೆದ್ದರು. 1916ರ ಬಂಡಾಯದಲ್ಲಿ ಹೋರಾಡಿದ್ದಕ್ಕೆ ಅವರಿಗೆ ಮರಣದಂಡನೆ ಆಗಿತ್ತು, ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ಬದಲಾಗಿತ್ತು. ಬ್ರಿಟಿಷ್ ಪಾರ್ಲಿಮೆಂಟಿಗೆ ಆಯ್ಕೆಯಾದ ಮೊದಲ ಮಹಿಳೆ, ಆದರೆ ಅಲ್ಲಿ ಹೋಗಿ ಕೂರಲಿಲ್ಲ. 1919ರಲ್ಲಿ ಐರಿಶ್ ಗಣರಾಜ್ಯದ ಕಾರ್ಮಿಕ ಸಚಿವೆಯಾದರು. ಸ್ವತಂತ್ರ ಐರ್ಲೆಂಡಿನ 1922ರ ಸಂವಿಧಾನ 21 ದಾಟಿದ ಎಲ್ಲರಿಗೂ ವೋಟು ಕೊಟ್ಟಿತು. ಇಂಗ್ಲೆಂಡಿನ ಹೆಂಗಸರು ಇದಕ್ಕೆ ಇನ್ನೂ 6 ವರ್ಷ ಕಾಯಬೇಕಾಯಿತು.

ಇಷ್ಟಕ್ಕೇ ಕಥೆ ನಿಲ್ಲಿಸಿದರೆ ನಾವೆಲ್ಲ ಖುಷಿಯಾಗಿ ಮನೆಗೆ ಹೋಗಬಹುದಿತ್ತು. ಆದರೆ ಮಾರ್ಕಿವಿಚ್ ನಂತರ ಐರ್ಲೆಂಡಿನ ಸಂಪುಟಕ್ಕೆ ಮುಂದಿನ ಹೆಂಗಸು ಬಂದದ್ದು 1979ರಲ್ಲಿ. ಸ್ವತಂತ್ರ ಸರ್ಕಾರವೇ 1927ರಲ್ಲಿ ಹೆಂಗಸರನ್ನು ಕೋರ್ಟಿನ ಜ್ಯೂರಿಯಿಂದ ಬಹುಮಟ್ಟಿಗೆ ಹೊರಗಿಟ್ಟಿತು. 1930ರ ದಶಕದಲ್ಲಿ ಮದುವೆಯಾದ ಟೀಚರುಗಳು ಕೆಲಸ ಬಿಡಬೇಕಾಯಿತು. 1937ರಲ್ಲಿ ಡಿ ವೆಲೆರಾ ಹೊಸ ಸಂವಿಧಾನ ತಂದರು. ಹೆಣ್ಣು ಮನೆಯೊಳಗಿನ ಬದುಕಿನಿಂದ ದೇಶಕ್ಕೆ ಆಸರೆಯಾಗುತ್ತಾಳೆ ಅಂತ ಅದರಲ್ಲಿ ಬರೆದರು. ಹನ್ನಾ ಮತ್ತೆ ಬೀದಿಗೆ ಬಂದರು. 1943ರಲ್ಲಿ, 66ನೇ ವಯಸ್ಸಿನಲ್ಲಿ, ಸ್ವತಂತ್ರವಾಗಿ ಚುನಾವಣೆಗೆ ನಿಂತರು. ಸಮಾನ ಸಂಬಳ ಕೇಳಿದರು. ಸೋತರು. ಮೂರು ವರ್ಷಕ್ಕೆ ತೀರಿಕೊಂಡರು. ಸಂವಿಧಾನದ ಆ ಸಾಲು ತೆಗೆಯಲು 2024ರಲ್ಲಿ ಜನಮತ ನಡೆಯಿತು. ಬದಲಿಗೆ ತಂದ ಮಾತು ಜನಕ್ಕೆ ಒಪ್ಪಿಗೆಯಾಗಲಿಲ್ಲ, ಹಾಗಾಗಿ ಹಳೇ ಸಾಲು ಉಳಿಯಿತು.

ಮೂರು ಗುಂಡು ತಿಂದ ಸ್ಕಿನ್ನಿಡರ್ 1925ರಲ್ಲಿ ಗಾಯಾಳುಗಳ ಪಿಂಚಣಿಗೆ ಅರ್ಜಿ ಹಾಕಿದರು. ಕಾನೂನಿನಲ್ಲಿರುವ ಸೈನಿಕ ಎನ್ನುವ ಪದ ಗಂಡಸಿಗೆ ಮಾತ್ರ ಅನ್ವಯ ಅಂತ ಅರ್ಜಿ ತಿರಸ್ಕಾರವಾಯಿತು. ಗಾಯ ಇದೆ, ಗುಂಡು ಇದೆ, ಪದ ಇಲ್ಲ. ಪಿಂಚಣಿ ಬರುವ ಹೊತ್ತಿಗೆ 1938 ಆಗಿತ್ತು. ಅವರು ಡಬ್ಲಿನ್ನಿನಲ್ಲಿ ಪಾಠ ಹೇಳಿಕೊಂಡೇ ಇದ್ದರು, 1956ರಲ್ಲಿ ಪ್ರಾಥಮಿಕ ಶಿಕ್ಷಕರ ಸಂಘದ ಅಧ್ಯಕ್ಷೆಯಾದರು, ಟೀಚರುಗಳಿಗೆ ಮೇಷ್ಟ್ರುಗಳಷ್ಟೇ ಸಂಬಳ ಬೇಕು ಅಂತ ವರ್ಷಗಟ್ಟಲೆ ಗುದ್ದಾಡಿದರು. ತೀರಿಕೊಂಡದ್ದು 1971ರಲ್ಲಿ. ಮದುವೆಯಾದ ಹೆಂಗಸು ಸರ್ಕಾರಿ ಕಚೇರಿಯ ಕೆಲಸ ಬಿಡಬೇಕು ಅನ್ನುವ ನಿಯಮ ಹೋದದ್ದು ಅದಾಗಿ ಎರಡು ವರ್ಷಕ್ಕೆ.